ಆನೆಗೆ ಅಂಟಿಸಿದ ಉಸಿರು

ಕಾರ್ಟೂನಿಗೆ ಸದ್ದು ಮಾಡುವ ಕೆಲಸವೆಂದರೆ ದಿನವಿಡೀ ನಗುತ್ತಾ ಇರುವ ಕೆಲಸ ಎಂದು ಜನ ತಿಳಿದಿದ್ದಾರೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರೂ ಹಾಗೇ ತಿಳಿದು ಬರುತ್ತಾರೆ. ನಾನು ನಿವೃತ್ತಳಾದ ಮೇಲೆ ಡೊಂಬಿವಲಿಯ ನಮ್ಮ ಮನೆಗೆ ಇಂಥವರು ಆಗಾಗ ಬಂದು, ಯಾವ ಮೈಕ್ ಒಳ್ಳೆಯದು, ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳುತ್ತಾರೆ. ಅವೆರಡೂ ವರ್ಷಕ್ಕೊಮ್ಮೆ ಬದಲಾಗುತ್ತವೆ, ನನ್ನಂಥ ಮುದುಕಿಯನ್ನು ಕೇಳಿ ಪ್ರಯೋಜನವಿಲ್ಲ. ನಾನು ಹೇಳಬಹುದಾದದ್ದು ಒಂದೇ. ಈ ಕೆಲಸದಲ್ಲಿ ಇದ್ದಷ್ಟು ವರ್ಷವೂ ನಾನು ಹೆದರಿಕೊಂಡೇ ಇದ್ದೆ. ಮೊದಲು ಯಂತ್ರಕ್ಕೆ ಹೆದರಿದೆ, ಆಮೇಲೆ ಮೇಲಿನವರಿಗೆ, ಕೊನೆಗೆ ನನ್ನದೇ ಕಿವಿಗೆ. ಆ ಕೊನೆಯ ಹೆದರಿಕೆಯನ್ನು ಹೇಳಬೇಕೆಂದೇ ಬರೆಯಲು ಕೂತಿದ್ದೇನೆ.

ನಾವು ಉಡುಪಿ ಕಡೆಯವರು, ಮನೆಯಲ್ಲಿ ತುಳು. ಅಪ್ಪ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನಮ್ಮನ್ನು ಡೊಂಬಿವಲಿಯಲ್ಲೇ ಓದಿಸಿದರು. ನಾನು ಮೊದಲು ಇದ್ದದ್ದು ಠಾಣೆಯ ಒಂದು ಕ್ಯಾಸೆಟ್ ಕಂಪೆನಿಯಲ್ಲಿ. ಭಜನೆ, ಅಭಂಗ, ಮಕ್ಕಳ ಕತೆ, ಏನೇ ರೆಕಾರ್ಡ್ ಆದರೂ ಅದರ ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಬೇಡದ್ದನ್ನು ತೆಗೆದು, ಉಳಿದದ್ದನ್ನು ಅಂಟಿಸುವುದು ನನ್ನ ಕೆಲಸ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕ್ಯಾಸೆಟ್ಟಿನ ಕಾಲ ಮುಗಿಯಿತು, ಕಂಪೆನಿಯೂ ಬಾಗಿಲು ಹಾಕಿತು. ಅದೇ ಹೊತ್ತಿಗೆ ಸಾನಪಾಡಾದಲ್ಲಿ ಒಂದು ಅನಿಮೇಷನ್ ಸ್ಟುಡಿಯೋ ಶುರುವಾಗಿ, ಅವರಿಗೆ ಸೌಂಡ್ ಎಡಿಟರ್ ಬೇಕಾಗಿತ್ತು. ನನಗೆ ನಲವತ್ತು ದಾಟಿತ್ತು. ಕಂಪ್ಯೂಟರನ್ನು ದೂರದಿಂದ ನೋಡಿದ್ದೆ, ಅಷ್ಟೆ.

ಅಲ್ಲಿನ ಸೌಂಡ್ ವಿಭಾಗದ ಮುಖ್ಯಸ್ಥರು ರಾಘವೇಂದ್ರ ಎಂದು, ಬೆಂಗಳೂರಿನವರು, ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವರು. ಎಲ್ಲರಿಗೂ ಅವರು ರಘು ಸರ್. ಮೊದಲ ದಿನ ನನ್ನ ಕೈಗೆ ಮೌಸ್ ಕೊಟ್ಟು ಪಕ್ಕದಲ್ಲೇ ನಿಂತರು.

“ಯಾಕ್ ಮೇಡಂ, ಮುಟ್ಟಕ್ಕೇ ಹೆದರ್ತಿದೀರಾ? ಇದು ಟೇಪ್ ಅಲ್ಲ. ತಪ್ಪಾದ್ರೆ ಅನ್‌ಡೂ ಒತ್ತಿ, ಎಲ್ಲಾ ವಾಪಸ್ ಬರುತ್ತೆ.”

“ಹಾಗಾದ್ರೆ ಕತ್ತರಿಸಿದ್ದು ಎಲ್ಲಿಗೆ ಹೋಗ್ತದೆ ಸರ್?”

“ಎಲ್ಲಿಗೂ ಹೋಗಲ್ಲ. ಅಲ್ಲೇ ಇರುತ್ತೆ, ಕಾಣ್ಸಲ್ಲ ಅಷ್ಟೆ.”

ಧೈರ್ಯ ಹೇಳಲೆಂದು ಅವರು ಆಡಿದ ಮಾತು ನನ್ನನ್ನು ಇನ್ನಷ್ಟು ಹೆದರಿಸಿತು. ಟೇಪಿನ ಕಾಲದಲ್ಲಿ ಕತ್ತರಿಸಿದ ತುಂಡು ಕಾಲಬುಡದಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿರುತ್ತಿತ್ತು. ಸಂಜೆ ಗುಡಿಸಿ ಎಸೆದರೆ ಮುಗಿಯಿತು. ಕಾಣದೆ ಅಲ್ಲೇ ಇರುತ್ತದೆ ಎಂದರೆ ನಾಳೆ ಎದ್ದು ಬರಲಾರದು ಎಂದು ಯಾರು ಹೇಳಬೇಕು?

ಕಲಿಯುವಾಗ ಮಾಡಿದ ಎಡವಟ್ಟುಗಳಿಗೇನೂ ಕಡಿಮೆಯಿಲ್ಲ. ಒಮ್ಮೆ ಹಿಮದ ಬೆಟ್ಟದ ಕತೆಯೊಂದಕ್ಕೆ ಗಾಳಿಯ ಸದ್ದು ಬೇಕಾಗಿತ್ತು. ನಮ್ಮ ಕಟ್ಟಡದ ತಾರಸಿಯ ಮೇಲೆ ಹೋಗಿ ಮೈಕ್ ಹಿಡಿದು ಒಳ್ಳೆಯ ಗಾಳಿಯನ್ನೇ ತಂದೆನೆಂದು ಬೀಗಿದೆ. ರಘು ಸರ್ ಕೇಳಿ ಮಧ್ಯದಲ್ಲೇ ನಿಲ್ಲಿಸಿದರು. “ಮೇಡಂ, ಹಿಮಾಲಯದಲ್ಲಿ ಡೊಂಬಿವಲಿ ಕಾಗೆ ಯಾಕ್ ಕೂಗ್ತಿದೆ?” ದೇವರಾಣೆ, ನನಗೆ ಆ ಕಾಗೆ ಕೇಳಿಸಿಯೇ ಇರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ್ದನ್ನು ಕಿವಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೊಸಬರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ಸಲದ್ದು ನಗುವ ವಿಷಯವಲ್ಲ. ಚಿತ್ರ ಸೆಕೆಂಡಿಗೆ ಇಪ್ಪತ್ತನಾಲ್ಕು ಫ್ರೇಮಿನಂತೆ ಓಡುತ್ತಿತ್ತು, ನಾನು ಕಂಪ್ಯೂಟರಿನಲ್ಲಿ ಇಪ್ಪತ್ತಮೂರು ಪಾಯಿಂಟ್ ಒಂಬತ್ತು ಏಳು ಆರು ಎಂದು ಇಟ್ಟಿದ್ದೆ. ಮೊದಲ ನಿಮಿಷದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ವ್ಯತ್ಯಾಸ ಹನಿಹನಿಯಾಗಿ ಸೇರುತ್ತಾ ಹೋಗುತ್ತದೆ. ಚಾನೆಲ್ಲಿನವರು ಬಂದು ಸೋಫಾದ ಮೇಲೆ ಕೂತು ನೋಡುತ್ತಿದ್ದಾಗ, ಕೊನೆಯ ದೃಶ್ಯದಲ್ಲಿ ಮೊಸಳೆ ಬಾಯಿ ಮುಚ್ಚಿಕೊಂಡ ಮೇಲೆ ಅದರ ಮಾತು ಕೇಳಿಸಿತು.   ಅಂದಿನಿಂದ ನಿವೃತ್ತಳಾಗುವವರೆಗೂ ಬೆಳಿಗ್ಗೆ ಕುರ್ಚಿಯಲ್ಲಿ ಕೂತೊಡನೆ ನಾನು ಮಾಡುತ್ತಿದ್ದ ಮೊದಲ ಕೆಲಸ ಆ ಒಂದು ಅಂಕಿಯನ್ನು ನೋಡುವುದು. ಇನ್ನು ಕೆಲವರು ದೇವರ ಪಟ ನೋಡುತ್ತಾರೆ.

ಮೆಲ್ಲಮೆಲ್ಲನೆ ಕೆಲಸ ಕೈಗೆ ಹತ್ತಿತು. ಸಿ.ಡಿ.ಯಲ್ಲಿ ಸಿಗುವ ವಿದೇಶಿ ಸದ್ದುಗಳನ್ನು ಬಿಟ್ಟು ನಮ್ಮ ಸದ್ದನ್ನು ನಾವೇ ಮಾಡಿಕೊಳ್ಳಲು ಶುರುಮಾಡಿದೆವು. ಹಪ್ಪಳ ಮುರಿದರೆ ಒಣಕಡ್ಡಿ. ಒದ್ದೆ ಬಟ್ಟೆ ತುಂಬಿದ ಗೋಣಿಚೀಲವನ್ನು ನೆಲಕ್ಕೆ ಬಡಿದರೆ ಆನೆಯ ಹೆಜ್ಜೆ. ರೆಕಾರ್ಡಿಂಗ್ ಆಗುವಾಗ ಏಸಿ ನಿಲ್ಲಿಸಬೇಕು, ಚಪ್ಪಲಿ ಕಳಚಿಡಬೇಕು, ಬಳೆ ತೆಗೆದಿಡಬೇಕು. ಬೆವರು ಸುರಿಯುತ್ತಿದ್ದರೂ ಒರೆಸಿಕೊಳ್ಳುವಂತಿಲ್ಲ, ಕರವಸ್ತ್ರದ ಸದ್ದೂ ಮೈಕಿಗೆ ಬೀಳುತ್ತದೆ.

ಹೆಡ್‌ಫೋನ್ ಹಾಕಿಕೊಂಡರೆ ಗಾಜಿನ ಆಚೆಯ ಕೋಣೆಯಲ್ಲಿ ದನಿ ಕೊಡುವ ಮನುಷ್ಯ ಎಷ್ಟು ಹತ್ತಿರ ಬರುತ್ತಾನೆಂದು ಹೇಳಿದರೆ ನಂಬುವುದು ಕಷ್ಟ. ಹೆಂಡತಿ ಮಕ್ಕಳಿಗೂ ಕೇಳಿಸದಷ್ಟು ಹತ್ತಿರ. ಕಟ್ಟಿಸಿದ ಹಲ್ಲಿನ ಟಕಟಕ, ಹಸಿದ ಹೊಟ್ಟೆ, ಬರುವ ಮುಂಚೆ ಅತ್ತಿದ್ದರೆ ಗಂಟಲಲ್ಲಿ ಉಳಿದ ಪಸೆ, ಎಲ್ಲವೂ ಕೇಳುತ್ತದೆ. ಕೇಳಿಸಿದ್ದನ್ನು ಕೇಳಿಸಲಿಲ್ಲ ಎಂಬಂತೆ ಇರುವುದೂ ಈ ಕೆಲಸದ ಒಂದು ಭಾಗ. ಅದನ್ನು ಯಾವ ಕೋರ್ಸಿನಲ್ಲೂ ಕಲಿಸುವುದಿಲ್ಲ.

ಬಸವಂತ ಕಾಕಾ ಬಂದದ್ದು ಆ ಕಾಲದಲ್ಲಿ. ಧಾರವಾಡದ ಕಡೆಯವರು, ಠಾಣೆಯ ಪಕ್ಕದ ಕಳವಾ ಎಂಬ ಊರಲ್ಲಿ ಲೋಕಲ್ ರೈಲು ರಿಪೇರಿ ಮಾಡುವ ಕಾರ್‌ಶೆಡ್ಡಿನಲ್ಲಿ ದುಡಿದು ನಿವೃತ್ತರಾದವರು. ಕನ್ನಡ ಸಂಘದ ನಾಟಕಗಳಲ್ಲಿ ಗೌಡನ ಪಾತ್ರ ಮಾಡಿ ಹೆಸರಾಗಿದ್ದರು. ಕಾಡಿನಲ್ಲಿ ಮರಿಗಳಿಗೆ ಪಾಠ ಹೇಳುವ ಅಜ್ಜ ಆನೆಯೊಂದರ ಕತೆಯನ್ನು ನಮ್ಮ ಸ್ಟುಡಿಯೋ ಹಿಂದಿಯಲ್ಲಿ ಮಾಡುತ್ತಿತ್ತು. ಆನೆಗೆ ದನಿ ಹುಡುಕಿ ಸಾಕಾಗಿದ್ದ ರಘು ಸರ್, ದನಿ ಪರೀಕ್ಷೆಗೆ ಬಂದ ಕಾಕಾ ಒಂದು ಸಲ ಕೆಮ್ಮಿ “ಹಾಂ, ಶುರು ಮಾಡೂಣೇನ್ರಿ?” ಎಂದದ್ದನ್ನು ಕೇಳಿದ್ದೇ ಇವರೇ ಆನೆ ಎಂದುಬಿಟ್ಟರು. ಪ್ರತಿ ಭಾನುವಾರ ಟೀವಿಯಲ್ಲಿ ಬರುತ್ತಿತ್ತು, ವರ್ಷಗಟ್ಟಲೆ ನಡೆಯಿತು. ಅವರು ವಾಸವಿದ್ದ ಕಳವಾ ಊರಿನ ಚಾಳಿನ ಸಾಲುಮನೆಗಳಲ್ಲಿ ಮಕ್ಕಳು ಅವರನ್ನು ಆನೆ ಅಜ್ಜ ಎಂದೇ ಕರೆಯುತ್ತಿದ್ದರು. ಹೆಂಡತಿ ತೀರಿಹೋಗಿದ್ದ ಆ ಮನುಷ್ಯನ ನಡಿಗೆಯೇ ಬದಲಾಯಿತು.

ಕಾರ್ಟೂನಿನಲ್ಲಿ ದನಿ ಮೊದಲು, ಚಿತ್ರ ಆಮೇಲೆ. ನಾವು ಕೊಟ್ಟ ದನಿಯನ್ನು ಕೇಳಿಕೊಂಡು ಚಿತ್ರ ಮಾಡುವವರು ಬಾಯಿ, ಕಣ್ಣು, ಸೊಂಡಿಲು ಆಡಿಸುತ್ತಾರೆ. ಅದಕ್ಕೆ ದನಿಯನ್ನು ಶುದ್ಧ ಮಾಡಿ ಕೊಡಬೇಕು. ರಘು ಸರ್ ನನಗೆ ಮೊದಲು ಕಲಿಸಿದ್ದು ಉಸಿರು ತೆಗೆಯುವುದನ್ನು. ಮಾತಿನ ಮಧ್ಯೆ ಎಳೆದುಕೊಂಡ ಪ್ರತಿ ಉಸಿರನ್ನೂ ಹುಡುಕಿ ಕತ್ತರಿಸಬೇಕು. ಅವರ ಪ್ರಕಾರ ಉಸಿರೆಂದರೆ ಕಸ. ನಾನು ಟೇಪಿನವಳು, ಕತ್ತರಿಸುವುದರಲ್ಲಿ ಹಿಂದೆ ಬೀಳುವವಳಲ್ಲ. ಎಷ್ಟು ಚೊಕ್ಕವಾಗಿ ತೆಗೆದೆನೆಂದರೆ, ಮೊದಲ ಕೆಲವು ಕಂತು ನೋಡಿದ ಚಾನೆಲ್ಲಿನ ಹೆಂಗಸು, ಮಾತಾಡದೆ ನಿಂತಾಗ ಆನೆ ಸತ್ತುಹೋದಂತೆ ಕಾಣುತ್ತದೆ ಎಂದಳು. ಚಿತ್ರ ಮಾಡುವವರಿಗೆ ಉಸಿರು ಕೇಳಿಸಿಲ್ಲ, ಹಾಗಾಗಿ ಆನೆಯ ಎದೆ ಏರಿಳಿಯಲಿಲ್ಲ.

“ಮೇಡಂ, ಉಸಿರು ವಾಪಸ್ ಹಾಕ್ಬೇಕು” ಎಂದರು ರಘು ಸರ್, ಮುಖ ಆಚೆ ತಿರುಗಿಸಿಕೊಂಡು.

ಹಾಗಾಗಿ ಕಾಕಾರ ಉಸಿರುಗಳನ್ನೆಲ್ಲ ಬೇರೆಯಾಗಿ ತೆಗೆದಿಟ್ಟುಕೊಂಡೆ. ಸಣ್ಣ ಮಾತಿಗೆ ಮುಂಚಿನ ಚಿಕ್ಕ ಉಸಿರು, ಗದರಿಸುವ ಮುಂಚಿನ ದೊಡ್ಡ ಉಸಿರು, ನಗು ಮುಗಿದ ಮೇಲಿನ ಸುಸ್ತಿನ ಉಸಿರು. ಎಲ್ಲಿ ಬೇಕೋ ಅಲ್ಲಿ ಹದ ನೋಡಿ ಅಂಟಿಸುತ್ತಿದ್ದೆ. ಆನೆ ಬದುಕಿಕೊಂಡಿತು. ನನ್ನ ಕೆಲಸವನ್ನು ಮೊದಲ ಬಾರಿ ಎಲ್ಲರೂ ಹೊಗಳಿದರು.

ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ಮಳೆಗಾಲದಲ್ಲಿ ಕಾಕಾರ ಮಾತುಗಳು ತುಂಡಾಗತೊಡಗಿದವು. ಮುಂಚೆ ಒಂದೇ ಉಸಿರಿಗೆ ಹೇಳುತ್ತಿದ್ದ ಸಾಲನ್ನು ನಡುವೆ ನಿಲ್ಲಿಸಿ ಹೇಳುತ್ತಿದ್ದರು. ವಯಸ್ಸಾಯಿತಲ್ಲ ಎಂದುಕೊಂಡು ಎರಡು ತುಂಡನ್ನು ನಾನು ಬೆಸೆದೆ. ಒಂದು ದಿನ ಮಧ್ಯಾಹ್ನ ಹಾಗೆ ಬೆಸೆಯುತ್ತಿದ್ದಾಗ, ಅವರ ಉಸಿರಿನ ಕೊನೆಯಲ್ಲಿ ಒಂದು ಸದ್ದು ಕೇಳಿತು. ಎಳನೀರು ಮುಗಿಯುವಾಗ ಸ್ಟ್ರಾದಲ್ಲಿ ಬರುತ್ತದಲ್ಲ, ಅಂಥ ಗುಳುಗುಳು, ತೀರಾ ಸಣ್ಣದು. ಮೈಕಿನದೋ ಎಂದು ಇನ್ನೊಂದು ಉಸಿರು ಕೇಳಿದೆ. ಅಲ್ಲೂ ಇತ್ತು.

ಆ ಸದ್ದನ್ನು ನಾನು ಮುಂಚೆ ಒಮ್ಮೆ ಕೇಳಿದ್ದೆ. ಅಪ್ಪ ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಮಲಗಿದ್ದಾಗ, ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು ಕೇಳಿದ್ದೆ. ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟೆ. 

ಕಂತು ಮಾತ್ರ ಆ ವಾರವೇ ಹೋಗಬೇಕು. ಆ ಉಸಿರುಗಳನ್ನು ಚಿತ್ರದವರಿಗೆ ಕೊಡುವಂತಿಲ್ಲ, ಕೇಳಿದರೆ ಮಕ್ಕಳು ಹೆದರಿಕೊಳ್ಳುತ್ತಾರೆ. ಅವನ್ನು ತೆಗೆದು, ಮೊದಲ ವರ್ಷದ ಉಸಿರುಗಳನ್ನು ಅಂಟಿಸಿದೆ. ಚೆನ್ನಾಗಿ ಕೂತವು. ಕಾಕಾರ ಹೊಸ ಮಾತಿಗೆ ಕಾಕಾರದೇ ಹಳೆಯ ಉಸಿರು, ಯಾರಿಗೆ ತಾನೇ ಗೊತ್ತಾದೀತು? ಮುಂದಿನ ವಾರವೂ ಹಾಗೇ ಮಾಡಿದೆ. ಅದರ ಮುಂದಿನ ವಾರ ಇನ್ನೂ ಹೆಚ್ಚು ಬೇಕಾಯಿತು.

ನಾನು ಡೊಂಬಿವಲಿಯಿಂದ, ಕಾಕಾ ಕಳವಾದಿಂದ ಬಂದು ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ ಆಚೆ ಪ್ಲಾಟ್‌ಫಾರಮ್ಮಿನಲ್ಲಿ ಸಾನಪಾಡಾದ ಗಾಡಿ ಹಿಡಿಯಬೇಕು. ಒಂದು ಬೆಳಿಗ್ಗೆ ಜನಜಂಗುಳಿಯ ನಡುವೆ ಅವರು ಮೆಟ್ಟಿಲ ಅರ್ಧದಲ್ಲಿ ಸರಳು ಹಿಡಿದು ನಿಂತಿದ್ದನ್ನು ಕಂಡೆ. ಜನ ಬೈಯುತ್ತಾ ಅವರ ಎರಡೂ ಪಕ್ಕದಿಂದ ಹಾದುಹೋಗುತ್ತಿದ್ದರು.

“ಎಂತ ಕಾಕಾ, ಇಲ್ಲಿ ನಿಂತಿದ್ದೀರಿ?”

“ಸುಮ್ನ ಗಾಡಿ ನೋಡಾಕತ್ತೀನ್ರಿ ಬಾಯಾರ. ನಾವು ರಿಪೇರಿ ಮಾಡಿದ್ದು ಐತೇನೊ ಅಂತ.”

ನನ್ನನ್ನು ಗೌರವದಿಂದ ಬಾಯಾರ ಎನ್ನುವುದು ಅವರ ರೂಢಿ. ಅವರು ನೋಡುತ್ತಿದ್ದ ಕಡೆ ಯಾವ ಗಾಡಿಯೂ ಇರಲಿಲ್ಲ. ಅವರ ಕಾಲು ನೋಡಿದೆ. ಊದಿಕೊಂಡು, ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹುಗಿದುಹೋಗಿತ್ತು. ನಾನು ಅವರ ಚೀಲ ತೆಗೆದುಕೊಂಡು ಅವರ ಹಿಂದಿನ ಮೆಟ್ಟಿಲಲ್ಲಿ ನಿಂತೆ. ಬಿದ್ದರೆ ನನ್ನ ಮೇಲೆ ಬೀಳಲಿ ಎಂದು. ಸೇತುವೆ ದಾಟಿದ ಮೇಲೆ ಬೆಂಚಿನಲ್ಲಿ ಕೂರಿಸಿ ನೇರವಾಗಿ ಕೇಳಿದೆ.

“ಕಾಕಾ, ನಿಮ್ಮ ಉಸಿರು ನನಗೆ ಕೇಳ್ತದೆ. ನನ್ನ ಹತ್ತಿರ ಸುಳ್ಳು ಹೇಳಿ ಪ್ರಯೋಜನ ಇಲ್ಲ ಮಾರಾಯ್ರೇ. ಡಾಕ್ಟರಿಗೆ ತೋರಿಸಿದ್ರಾ?”

ಅವರು ಬಗ್ಗಿ ಚಪ್ಪಲಿಯ ಪಟ್ಟಿ ಸಡಿಲಿಸಿಕೊಂಡರು.

“ತೋರಿಸೇನ್ರಿ. ಗುಳಿಗಿ ಕೊಟ್ಟಾನ. ದೊಡ್ಡ ದವಾಖಾನಿಗೆ ಹೋಗಿ ಅಡ್ಮಿಟ್ ಆಗು ಅಂತಾನ.”

“ಮತ್ತೆ?”

“ನನ್ನ ಹೇಣ್ತೀನ್ನ ಕರಕೊಂಡ ಹೋಗಿದ್ದೆ ನಾನು, ದವಾಖಾನಿಗೆ. ನಡಕೋತ ಹೋದಾಕಿ. ಹೊರಗ ಬರಲಿಲ್ಲ. ನನಗ ಅಂಜಿಕಿ ಐತ್ರಿ, ಬಾಯಾರ. ಖರೇ ಹೇಳ್ತೀನಿ, ಭಾಳ ಅಂಜಿಕಿ ಐತಿ.” ಆಮೇಲೆ ಹೇಳಿದರು: “ಸುಮಾಗ ಹೇಳಬ್ಯಾಡ್ರಿ. ಸ್ಟುಡಿಯೋದಾಗೂ ಬ್ಯಾಡ. ಆನಿ ಹೋತಂದ್ರ ನಾ ಆ ಖೋಲ್ಯಾಗ ಕುಂತು ಏನ ಮಾಡ್ಲಿ?”

ಸುಮಾ ಅವರ ಒಬ್ಬಳೇ ಮಗಳು, ನೆರೂಳದಲ್ಲಿ ಸಂಸಾರ, ವಾಶಿಯ ಬ್ಯಾಂಕೊಂದರಲ್ಲಿ ಕೆಲಸ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅವರು ಅದನ್ನೇ ಒಪ್ಪಿಗೆ ಎಂದುಕೊಂಡು ನನ್ನ ಕೈಯಿಂದ ಚೀಲ ವಾಪಸು ಪಡೆದರು.

ರಘು ಸರ್ ಹತ್ತಿರ ಸುತ್ತುಬಳಸಿ ಮಾತು ತೆಗೆದೆ. ಕಾಕಾ ಸ್ವಲ್ಪ ಸುಸ್ತಾಗಿದ್ದಾರೆ, ಕೆಲವು ವಾರ ರಜೆ ಕೊಟ್ಟರೆ ಹೇಗೆ ಎಂದೆ.

“ರಜಾ ಕೊಟ್ರೆ ಚಾನೆಲ್‌ನೋರು ಬೇರೆ ವಾಯ್ಸ್ ಹಾಕಿ ಅಂತಾರೆ ಮೇಡಂ. ಒಂದ್ಸಲ ಹಾಕಿದ್ರೆ ಮುಗೀತು, ವಾಪಸ್ ತರಕ್ಕಾಗಲ್ಲ. ನಿಮ್ ಎಡಿಟಲ್ಲಿ ಏನೂ ಗೊತ್ತೇ ಆಗ್ತಿಲ್ಲ ಬಿಡಿ, ಸೂಪರ್ ಆಗಿದೆ.”

ಆಮೇಲೂ ವಾರಗಟ್ಟಲೆ ಹಾಗೇ ನಡೆಯಿತು. ಕಾಕಾ ಈಗ ಕೂತೇ ದನಿ ಕೊಡುತ್ತಿದ್ದರು. ಗಾಜಿನ ಆಚೆ ಅವರು ಆನೆಯಾಗಿ ಮರಿಗಳಿಗೆ ತಮಾಷೆ ಹೇಳುತ್ತಾರೆ, ಈಚೆ ನನ್ನ ಕಿವಿಯಲ್ಲಿ ಅವರ ಎದೆಯೊಳಗಿನ ನೀರು. ಪ್ರತಿ ಸಾಲು ಮುಗಿದಾಗ ಮುಂದಿನ ಉಸಿರು ಬರುತ್ತದೋ ಇಲ್ಲವೋ ಎಂದು ಕಾಯುತ್ತಿದ್ದೆ. ಹೇಳಿದರೆ ಅವರ ಆನೆ ಹೋಗುತ್ತದೆ. ಹೇಳದಿದ್ದರೆ ಅವರೇ ಹೋಗುತ್ತಾರೆ. ಗಾಡಿಯಲ್ಲಿ ಯಾರಾದರೂ ಪಕ್ಕದಲ್ಲಿ ನಿದ್ದೆ ಹೋದರೂ ಅವರ ಉಸಿರು ಕೇಳುತ್ತಾ ಕೂರುವ ಹಾಗಾಯಿತು. ಕಿವಿ ಮುಚ್ಚಿಕೊಳ್ಳುವ ರೆಪ್ಪೆಯನ್ನು ದೇವರು ಕೊಟ್ಟಿಲ್ಲ.

ಆ ದಿನ ಸುಮಾ ಸ್ಟುಡಿಯೋಗೆ ಬಂದಳು. ಅವಳ ಮಗುವಿನ ಹುಟ್ಟುಹಬ್ಬ, ಸಂಜೆ ರೆಕಾರ್ಡಿಂಗ್ ಮುಗಿದ ಮೇಲೆ ಅಪ್ಪನನ್ನು ನೇರ ನೆರೂಳಕ್ಕೆ ಕರೆದೊಯ್ಯಲೆಂದು ಬಂದವಳು, ಬೇಗ ಬಂದುಬಿಟ್ಟಿದ್ದಳು. ಕಾಕಾ ಇನ್ನೂ ದಾರಿಯಲ್ಲಿದ್ದರು. ನನ್ನ ಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟೆ. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳೆಲ್ಲ ಹಾಗೇ.

“ಅಪ್ಪನನ್ನು ನೋಡಿ ಎಷ್ಟು ದಿನ ಆಯ್ತು?” ಎಂದೆ.

“ಮಹೀನಾ ಹೋ ಗಯಾ ಆಂಟಿ. ಆಫೀಸ್, ಬಚ್ಚಾ, ಟೈಮ್ ಹೀ ನಹೀಂ ಮಿಲ್ತಾ. ಫೋನ್ ಪೇ ಭೀ ದೋ ಬಾತ್ ಕರ್‌ಕೇ ರಖ್ ದೇತೇ ಹೈಂ.” ತಿಂಗಳಾಯಿತಂತೆ, ಫೋನಿನಲ್ಲೂ ಎರಡು ಮಾತಾಡಿ ಇಟ್ಟುಬಿಡುತ್ತಾರಂತೆ. ಆಮೇಲೆ ನಕ್ಕಳು. “ಲೇಕಿನ್ ಬಾಬಾ ಏಕ್‌ದಮ್ ಫಿಟ್ ಹೈಂ. ಹರ್ ಸಂಡೇ ಟೀವೀ ಪೇ ಸುನ್ತೀ ಹೂಂ ನಾ. ಆವಾಜ್ ಸೇ ಪತಾ ಚಲ್ತಾ ಹೈ.”

ಬಾಬಾ ಗಟ್ಟಿಯಾಗಿದ್ದಾರಂತೆ, ಭಾನುವಾರ ಟೀವಿಯಲ್ಲಿ ಕೇಳುವ ದನಿಯಿಂದಲೇ ಗೊತ್ತಾಗುತ್ತದಂತೆ.  ಭಾನುವಾರ ಭಾನುವಾರ ಈ ಹುಡುಗಿ ಕೇಳಿ ನೆಮ್ಮದಿಯಾಗಿ ಮಲಗಿದ್ದು ನಾನು ಅಂಟಿಸಿದ ಉಸಿರನ್ನು. ಹಳ್ಳಿಯಲ್ಲಿದ್ದರೆ ಮಗಳು ಬಂದು ಮುಖ ನೋಡುತ್ತಿದ್ದಳು. ಟೀವಿ ಇಲ್ಲದಿದ್ದರೂ ಬಂದು ನೋಡುತ್ತಿದ್ದಳೋ ಏನೋ. ನನ್ನ ಕೈಚಳಕ ಎಷ್ಟು ಚೆನ್ನಾಗಿತ್ತೆಂದರೆ, ಹೆತ್ತ ಮಗಳಿಗೇ ತಂದೆ ಸಾಯುತ್ತಿರುವುದು ತಿಳಿಯಲಿಲ್ಲ.

ಬೆಂಚಿನ ಮೇಲೆ ಕಾಕಾ ಹೇಳಿದ್ದು ನೆನಪಿತ್ತು. ಆದರೂ ಅವಳ ಕಿವಿಗೆ ಹೆಡ್‌ಫೋನ್ ಇಟ್ಟೆ.

“ಇದು ಕಳೆದ ಭಾನುವಾರ ಟೀವಿಯಲ್ಲಿ ಬಂದದ್ದು. ಕೇಳು.”

ಅವಳು ತಲೆಯಾಡಿಸಿ ನಕ್ಕಳು. ಆನೆ ಯಾವುದೋ ಮಂಗನಿಗೆ ಬುದ್ಧಿ ಹೇಳುತ್ತಿತ್ತು.

“ಇನ್ನು ಇದನ್ನು ಕೇಳು. ಅದೇ ಮಾತು. ಅವರು ಇಲ್ಲಿ ಕೂತು ಹೇಳಿದ್ದು, ನಾನು ಕೈ ಹಚ್ಚುವ ಮುಂಚೆ. ಮಾತು ಬಿಡು, ಮಾತಿನ ಮಧ್ಯೆ ಕೇಳು.”

ಅವಳ ನಗು ಮೊದಲು ಹಾಗೇ ಮುಖದ ಮೇಲಿತ್ತು. ಆಮೇಲೆ ಮೆಲ್ಲನೆ ಹೋಯಿತು. ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಯೇ ಕೌನ್ ಹೈ?”

“ನಿನ್ನ ಬಾಬಾ.”

“ತೋ ವೋ ಪಹಲೇವಾಲಾ?”

“ಅದೂ ಬಾಬಾನೇ. ಆದರೆ ಉಸಿರು ಹಳೆಯದು. ಆನೆ ಶುರುವಾದ ವರ್ಷದ್ದು. ನಾನು ಅಂಟಿಸಿದ್ದು.”

ಅವಳು ನನ್ನನ್ನು ನೋಡಿದ ನೋಟವನ್ನು ವಿವರಿಸಲು ನನಗೆ ಬರುವುದಿಲ್ಲ. ಅದೇ ಹೊತ್ತಿಗೆ ಬಾಗಿಲು ತೆರೆದು ಕಾಕಾ ಒಳಗೆ ಬಂದರು. ಮಗಳ ಕಿವಿಯಲ್ಲಿ ಹೆಡ್‌ಫೋನ್ ನೋಡಿದ್ದೇ ಅವರಿಗೆ ಎಲ್ಲ ತಿಳಿಯಿತು. ಮಗಳನ್ನು ಬಿಟ್ಟು ನನ್ನ ಕಡೆ ತಿರುಗಿದರು.

“ಕೇಳಿಸಿಬಿಟ್ರ್ಯಾ, ಬಾಯಾರ?”

“ಬಾಬಾ, ಹಾಸ್ಪಿಟಲ್ ಚಲೋ” ಎಂದಳು ಸುಮಾ.

“ನಾಳಿ ಹೋಗೂಣು ತಂಗಿ. ಇವತ್ತ ಕೂಸಿನ ಹುಟ್ಟುಹಬ್ಬ ಐತಿ.”

“ಅಭೀ.”

“ಒಂದು ಸೀನ್ ಐತಿ, ಮುಗಿಸಿ...” ಎನ್ನುತ್ತಾ ಕಾಕಾ ರಘು ಸರ್ ಕಡೆ ನೋಡಿದರು. ಬಾಗಿಲಲ್ಲಿ ನಿಂತಿದ್ದ ರಘು ಸರ್ ಆ ದಿನ ಮಾತ್ರ ಡೆಡ್‌ಲೈನಿನ ಸುದ್ದಿ ಎತ್ತಲಿಲ್ಲ. “ಸ್ಟುಡಿಯೋ ಎಲ್ಲೂ ಹೋಗಲ್ಲ ಕಾಕಾ. ನೀವ್ ಹೊರಡಿ” ಎಂದು ತಾವೇ ಹೋಗಿ ರಿಕ್ಷಾ ತಂದರು. ಕಾಕಾ ರಿಕ್ಷಾದಲ್ಲಿ ಕೂತು ತಲೆ ತಗ್ಗಿಸಿದ್ದರು.  ನನ್ನ ಕಡೆ ತಿರುಗಿ ನೋಡಲಿಲ್ಲ.

ಹೃದಯದ ಒಂದು ಕವಾಟ ಕೆಟ್ಟು ಶ್ವಾಸಕೋಶದಲ್ಲಿ ನೀರು ತುಂಬಿತ್ತಂತೆ. ನೀರು ಇಳಿಸಿ, ಮೈಗೆ ಸ್ವಲ್ಪ ಬಲ ಬಂದ ಮೇಲೆ ಆಪರೇಷನ್ ಎಂದರು. ಬದುಕುತ್ತಾರೆ ಎಂದು ಯಾವ ಡಾಕ್ಟರೂ ಬಾಯಿಬಿಟ್ಟು ಹೇಳಲಿಲ್ಲ.

ಆಪರೇಷನ್ನಿನ ದಿನ ನಾನು ಸ್ಟುಡಿಯೋದಲ್ಲಿದ್ದೆ. ಅವರು ಮುಂಚೆಯೇ ದನಿ ಕೊಟ್ಟಿದ್ದ ಒಂದು ಕಂತು ಬಾಕಿಯಿತ್ತು, ಅಂದೇ ಮುಗಿಸಿ ಕೊಡಬೇಕಾಗಿತ್ತು. ಅವರು ಅಲ್ಲಿ ಮೇಜಿನ ಮೇಲೆ ಎದೆ ತೆರೆದು ಮಲಗಿದ್ದಾರೆ, ಇಲ್ಲಿ ನನ್ನ ಕಿವಿಯಲ್ಲಿ ಮೊಲಗಳಿಗೆ ಒಗಟು ಹೇಳಿ ನಗುತ್ತಿದ್ದಾರೆ. ಪ್ರತಿ ಉಸಿರನ್ನು ಆರಿಸುವಾಗಲೂ, ಈ ಕ್ಷಣದಲ್ಲಿ ಅವರಿಗೆ ಉಸಿರು ಇದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಹೆಂಡತಿ ಹೊರಗೆ ಬರಲಿಲ್ಲ ಎಂದು ಅವರು ಹೆದರಿದ್ದ ಜಾಗಕ್ಕೇ ಅವರನ್ನು ಕಳಿಸಿದವಳು ನಾನು. ಅವರೂ ಹೊರಗೆ ಬರದಿದ್ದರೆ ಈ ಹೆಡ್‌ಫೋನನ್ನು ಮತ್ತೆ ಹಾಕಿಕೊಳ್ಳುವುದಿಲ್ಲವೆಂದು ನಿರ್ಧರಿಸಿದ್ದೆ. ಪಕ್ಕದಲ್ಲಿಟ್ಟುಕೊಂಡಿದ್ದ ಮೊಬೈಲ್ ಗುಂಯ್ ಎಂದಾಗ ಎತ್ತಲು ಧೈರ್ಯ ಬರದೆ ರಘು ಸರ್ ಕೈಗೆ ಕೊಟ್ಟೆ. ಅವರು ಕೇಳಿಸಿಕೊಂಡು, “ಆಯ್ತಂತೆ ಮೇಡಂ. ಇದ್ದಾರೆ” ಎಂದರು. ನಾನು ಮೇಜಿಗೆ ಹಣೆಯಿಟ್ಟು ಅತ್ತೆ.

ಕಾಕಾ ಉಳಿದರು, ಆನೆ ಉಳಿಯಲಿಲ್ಲ. ಗಂಟಲಲ್ಲಿ ಕೊಳವೆ ಇಟ್ಟಿದ್ದಕ್ಕೋ ಏನೋ, ಅವರ ದನಿ ತೆಳ್ಳಗಾಯಿತು. ಗಟ್ಟಿಯಾಗಿ ಮಾತಾಡಲು ಹೋದರೆ ಸೀಳುತ್ತಿತ್ತು. ಚಾನೆಲ್ಲಿನವರು ಅವರ ಹಾಗೇ ಮಾತಾಡುವ ಇನ್ನೊಬ್ಬರನ್ನು ಹುಡುಕಿದರು. ಮೂರು ಭಾನುವಾರ ಕಳೆಯುವುದರೊಳಗೆ ಮಕ್ಕಳು ಹೊಸ ದನಿಗೆ ಒಗ್ಗಿಕೊಂಡರು. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಕಾಕಾ ಗೋಡೆಯ ಕಡೆ ಹೊರಳಿ ಮಲಗಿದರು. ನನ್ನ ಮೇಲೆ ಅವರಿಗೆ ಸಿಟ್ಟಿತ್ತು, ಇರಬೇಕಾದದ್ದೇ. ಸುಮಾಗೂ ಇತ್ತು. ನಾನು ಕಿತ್ತಳೆಹಣ್ಣು ಮೇಜಿನ ಮೇಲಿಟ್ಟು ಬಂದೆ. ಆಮೇಲೆ ವರ್ಷಗಳವರೆಗೆ ಮಾತಿಲ್ಲ.

ನಾನು ನಿವೃತ್ತಳಾದ ವಾರ ಅವರಿಂದಲೇ ಫೋನು ಬಂತು. “ಮನಿಗೆ ಬರ್ರಿ” ಎಂದರು, ಅಷ್ಟೆ. ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದು, ಕಾರ್‌ಶೆಡ್ಡಿನ ಸದ್ದು ಕೇಳದೆ ನಿದ್ದೆ ಬರುವುದಿಲ್ಲವೆಂದು ಕಳವಾಕ್ಕೆ ವಾಪಸು ಬಂದಿದ್ದರು. ಹೋದೆ. ಖೋಲಿಯ ಬಾಗಿಲು ತೆರೆದೇ ಇತ್ತು, ಅಕ್ಕಪಕ್ಕದವರು ಹಾದುಹೋಗುತ್ತಾ ಒಳಗೆ ಇಣುಕಿ ಮಾತಾಡಿಸುತ್ತಿದ್ದರು. ಕಾಕಾ ತಾವೇ ಅವಲಕ್ಕಿ ಒಗ್ಗರಣೆ ಮಾಡಿ ಕೊಟ್ಟರು. ದನಿ ಈಗಲೂ ತೆಳ್ಳಗೆ.

“ಹೊಸ ಆನಿ ಛಲೋ ಮಾಡ್ತಾನ. ನನಗಿಂತ ಛಲೋ” ಎಂದರು. ನಾನು ಇಲ್ಲ ಎಂದೆ. “ಸುಳ್ಳ ಹೇಳಬ್ಯಾಡ್ರಿ. ನಿಮ್ಮ ಕಿವಿಗೆ ಗೊತ್ತೈತಿ” ಎಂದು ನಕ್ಕರು. ಆಮೇಲೆ, “ನಿಮ್ಮ ಮ್ಯಾಲ ಸಿಟ್ಟ ಇನ್ನೂ ಪೂರಾ ಹೋಗಿಲ್ರಿ” ಎಂದರು. “ಇರಲಿ ಕಾಕಾ, ಅವಸರ ಇಲ್ಲ” ಎಂದೆ.

ಅಷ್ಟರಲ್ಲಿ ಫೋನು ಬಂತು, ಸುಮಾದು. ದಿನಾ ಆ ಹೊತ್ತಿಗೆ ಬರುತ್ತದಂತೆ. ಊಟ ಆಯಿತು, ಗುಳಿಗೆ ತಗೊಂಡೆ, ಬಾಯಾರ ಬಂದಾರ ಎಂದು ಹೇಳಿ ಮುಗಿಸಿದ ಮೇಲೂ ಕಾಕಾ ಫೋನು ಇಡಲಿಲ್ಲ. ಆಚೆ ಕಡೆಯಿಂದಲೂ ಮಾತಿರಲಿಲ್ಲ.

“ನೋಡ್ರಿ ಇದು ಇಕಿ ಕಥಿ” ಎಂದರು ನನ್ನ ಕಡೆ ತಿರುಗಿ, ದೂರು ಹೇಳುವವರಂತೆ. “ಮಾತು ಮುಗದಿರ್ತಾವ. ಇಡೂದಿಲ್ಲ. ಸುಮ್ನ ಹಿಡಕೊಂಡ ಕುಂತಿರ್ತಾಳ.”

ಅವಳು ಏನು ಕೇಳಿಸಿಕೊಳ್ಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಹೇಳಲೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗ, ಕಾಕಾ ಫೋನನ್ನು ಕಿವಿಯಿಂದ ತೆಗೆದರು. ಇಡುತ್ತಾರೆ ಎಂದುಕೊಂಡೆ. ಅವರು ಅದನ್ನು ಬಾಯಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರಾಡತೊಡಗಿದರು.